ಅರಿಶಿನದಡಿಯ ಹಳದಿ

ತೊಂಬತ್ತರ ದಶಕದಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ಬೂಕನಕೆರೆಯ ನಮ್ಮ ಮನೆಗೆ ಬಂದಿದ್ದಳು. ಹೆಣ್ಣುಮಗು. ಬಾಣಂತಿ ಕೋಣೆಯ ಕಿಟಕಿಗೆ ಅಜ್ಜಿ ಗೋಣಿತಾಟು ಹೊಡೆಸಿದ್ದಳು. ಗಾಳಿ ಬರಬಾರದು, ಬೆಳಕು ಬರಬಾರದು, ಕಂಡವರ ಕಣ್ಣಂತೂ ಬೀಳಲೇಬಾರದು. ದಿನಾ ಎಣ್ಣೆನೀರು, ಮಗುವಿಗೆ ತಲೆಯಿಂದ ಕಾಲವರೆಗೂ ಅರಿಶಿನ. ಬಟ್ಟೆ ಹಳದಿ, ತೊಟ್ಟಿಲು ಹಳದಿ, ಅಜ್ಜಿಯ ಕೈಯೂ ಹಳದಿ. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ ಅಂತಾರಲ್ಲ, ನಮ್ಮ ಮನೇಲಿ ಉಲ್ಟಾ. ಎಲ್ಲ ಹಳದಿಯಾಗಿ ಕಾಮಾಲೆಯೇ ಕಾಣಲಿಲ್ಲ!

ಮಗುವಿಗೆ ಸದಾ ನಿದ್ದೆ. ಎದೆಗೆ ಹಾಕಿದರೆ ಎರಡು ಗುಟುಕಿಗೇ ಬಾಯಿ ಬಿಡುತ್ತಿತ್ತು. "ಎಂಥಾ ಒಳ್ಳೆ ಕೂಸು ಕಣವ್ವ, ಅಳಾದೇ ಇಲ್ಲ," ಅಂತ ಅಜ್ಜಿಗೆ ಹೆಮ್ಮೆ. "ಇದ್ಯಾಕೋ ಸರಿಯಿಲ್ಲ ಕಣಮ್ಮ," ಅಂದ ಅಕ್ಕನಿಗೆ "ಸುಮ್ಕಿರು, ಬಾಣಂತಿ ಅಂಗೆಲ್ಲ ಅನ್ಬಾರ್ದು," ಅಂತ ಬಾಯಿ ಮುಚ್ಚಿಸಿದರು. ಅದನ್ನು ನೆನೆದರೆ ಈಗಲೂ ನನಗೆ ರಕ್ತ ಕುದಿಯುತ್ತದೆ.

ಭಾವ ಮಗು ನೋಡಲು ಬಂದರು. ಗಂಡಸರು ಆ ಕೋಣೆಗೆ ಹೋಗುವ ಹಾಗಿಲ್ಲ, ಅಮ್ಮನೇ ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದಳು. ಹೊರಗಿನ ಬೆಳಕಿಗೆ ಮಗು ಕಣ್ಣು ಬಿಟ್ಟಿತು. ಭಾವ ಬಗ್ಗಿ ನೋಡಿ ಕೇಳಿದರು: "ಯಾಕತ್ತೆ, ಕಣ್ಣೊಳಕ್ಕೂ ಅರಿಶ್ನ ಆಕಿದ್ದೀರಾ?"

ಅಯ್ಯೋ ಶಿವನೇ! ಸಿಕ್ಕಿದ ಕಾರು ಹತ್ತಿ ಮೈಸೂರಿಗೆ ಓಡಿದೆವು.

ಆಸ್ಪತ್ರೆಯಲ್ಲಿ ರಕ್ತ ಬದಲಾಯಿಸಿದರು. ಬೆತ್ತಲೆ ಮಗುವಿನ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿ ನೀಲಿ ಟ್ಯೂಬ್‌ಲೈಟಿನ ಕೆಳಗೆ ಮಲಗಿಸಿದರು. ರಕ್ತದಲ್ಲಿರುವ ಹಳದಿ ನೀರಲ್ಲಿ ಕರಗಲ್ಲ, ಈ ಬೆಳಕು ಬಿದ್ದರೆ ಅದರ ಆಕಾರವೇ ತಿರುಚಿಕೊಂಡು ಮಲಮೂತ್ರದಲ್ಲಿ ಹೊರಟುಹೋಗುತ್ತೆ, ಅಂದರು ಡಾಕ್ಟರಮ್ಮ.

"ಬರೀ ಬೆಳಕಾ?" ಅಂದಳು ಅಕ್ಕ.

"ಬೆಳಕೇ. ಆದ್ರೆ ತಡ ಮಾಡಿದ್ದೀರಿ. ಮಿದುಳಿಗೆ ಆಗಿರೋ ಪೆಟ್ಟನ್ನ ಇದು ವಾಸಿ ಮಾಡಲ್ಲ."

ಹಳದಿ ಇಳಿಯಿತು. ಮಗು ಮೈಕೈ ತುಂಬಿಕೊಂಡು ನಗತೊಡಗಿತು. ಅಜ್ಜಿ ಗೆದ್ದವಳಂತೆ ಓಡಾಡಿದಳು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಹಿತ್ತಾಳೆ ಕೊಳಗ ಢಣಾರನೆ ಉರುಳಿ ಬಿತ್ತು. ಜಗಲಿಯಲ್ಲಿ ಮಲಗಿದ್ದ ನಾಯಿ ಎದ್ದು ಓಡಿತು. ಪಕ್ಕದಲ್ಲೇ ಇದ್ದ ಮಗು ಬೆಚ್ಚಲೂ ಇಲ್ಲ, ತನ್ನ ಬೆರಳು ನೋಡುತ್ತ ಆಡುತ್ತಲೇ ಇತ್ತು. ಅಕ್ಕ ಕೊಳಗ ಎತ್ತಿ ಎಸೆದಳು. ಮಗುವಿನ ಮುಖ ನೋಡಿ ಮತ್ತೆ ಎಸೆದಳು. ಅಮ್ಮ ಬಂದು ಕೈ ಹಿಡಿಯುವವರೆಗೂ ಎಸೆಯುತ್ತಲೇ ಇದ್ದಳು.

ಆ ಮಗುವಿಗೆ ಈಗ ಮದುವೆಯಾಗಿದೆ. ಅವಳು ಬೆನ್ನು ಹಾಕಿ ನಿಂತಿದ್ದರೆ ಅಕ್ಕ ಇವತ್ತಿಗೂ ಮೊದಲು ಮೆಲ್ಲಗೆ ಹೆಸರು ಹಿಡಿದು ಕರೆಯುತ್ತಾಳೆ. ಒಂದು ಗಳಿಗೆ ಕಾಯುತ್ತಾಳೆ. ಆಮೇಲೇ ಭುಜ ಮುಟ್ಟುತ್ತಾಳೆ.