ನಾಲ್ಕು ಕಡೆ ಕೇಳಿ ಬಂದ ಅಕ್ಕ

ಮೊನ್ನೆ ಶೇಂಗಾ ಎಣ್ಣೆಯ ಹೊಸ ಡಬ್ಬಿ ತೆರೆದೆ. ಗಾಣದ ಆ ಘಮಕ್ಕೆ ಪಕ್ಕದ ಮನೆಯ ಅಕ್ಕ ಅಡುಗೆಮನೆಗೆ ಬಂದು ನಿಂತಂತಾಯಿತು. ಅಂಗೈಗೆ ಒಂದು ತೊಟ್ಟು ಹಾಕಿಕೊಂಡು, ತಿಕ್ಕಿ, ಮೂಸಿ, ಆಮೇಲಷ್ಟೇ ರೇಟು ಕೇಳುತ್ತಿದ್ದವಳು…

ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಹರಪನಹಳ್ಳಿಗೆ ಬಂದ ನನಗೆ ಸಂಸಾರ ಕಲಿಸಿದವಳು ಅವಳೇ. ಚೀಲ ಹಿಡಿದು ಹೊರಟರೆ ಮೊದಲ ಸುತ್ತಿನಲ್ಲಿ ಏನೂ ಕೊಳ್ಳುವಂತಿಲ್ಲ, ಬರೀ ಕೇಳುವುದು. ಬಸ್ ಸ್ಟ್ಯಾಂಡ್ ಹತ್ತಿರ ಬೇಳೆ ಅಗ್ಗ, ಆದರೆ ಕಲ್ಲು ಜಾಸ್ತಿ. ಪೇಟೆಯೊಳಗೆ ಬೆಲ್ಲ ತುಟ್ಟಿ, ಆದರೆ ತೂಕ ನೆಟ್ಟಗೆ. ಆರಿಸಿ ಎಸೆಯುವ ಕಲ್ಲನ್ನೂ ರೇಟಿಗೆ ಸೇರಿಸಿ ನೋಡಬೇಕು ಎನ್ನುತ್ತಿದ್ದಳು. ಎರಡನೇ ಸುತ್ತಿನಲ್ಲಿ ಖರೀದಿ. ಇವಳು ಬೀಸೋ ಗಾಳಿಗೂ ಚೌಕಾಸಿ ಮಾಡುತ್ತಾಳೆಂದು ನನ್ನ ಗಂಡ ನಗುತ್ತಿದ್ದರು.

ಹಾಗೆ ಉಳಿಸಿದ್ದೆಲ್ಲ ತನ್ನ ಮಗಳು ಟೀಚರ್ ಆಗಲೆಂದು, ಅವಳ ಟಿ.ಸಿ.ಎಚ್. ಓದಿಗೆ. ಅದನ್ನು ಮುಟ್ಟಿದರೆ ನನ್ನಾಣೆ ಎಂದು ತನ್ನ ಗಂಡನಿಗೂ ಹೇಳಿಟ್ಟಿದ್ದಳು.

ಮಗಳು ಪಿ.ಯು.ಸಿ. ಕೊನೆಯ ವರ್ಷ ಓದುವಾಗ ಅಕ್ಕನ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಬೇಗ ಆಪರೇಷನ್ ಮಾಡಿಸಿ ಎಂದರು ಊರಿನ ಡಾಕ್ಟರು. ಅಕ್ಕ ದಾವಣಗೆರೆಗೆ ಹೋಗಿ ಖರ್ಚು ಕೇಳಿ ಬಂದಳು. ಆಮೇಲೆ ಹೊಸಪೇಟೆಗೆ ಹೋಗಿ ಕೇಳಿ ಬಂದಳು. ಬಳ್ಳಾರಿಯಲ್ಲಿ ಇನ್ನೂ ಕಡಿಮೆಯಂತೆ ಎಂದು ಯಾರೋ ಅಂದರು… ತಿಂಗಳುಗಳು ಸರಿದವು. ನಾನು ಅತ್ತು ಹೇಳಿದೆ, ಜಗಳಾಡಿ ಹೇಳಿದೆ, ನನ್ನ ಬಳೆ ಒತ್ತೆ ಇಡೋಣ ಎಂದೆ. ಅವಳು ನನ್ನ ಗಲ್ಲ ಹಿಡಿದಳು.

“ಅವಸರ ಮಾಡಿದ್ರ ತುಟ್ಟಿ ಬೀಳ್ತೈತಿ ನೋಡವ್ವಾ. ಇನ್ನೊಂದು ಕಡಿ ಕೇಳಿ ಬರ್ತೀನಿ, ತಡಿ.”

ಬಳ್ಳಾರಿಯಲ್ಲಿ ಖರ್ಚು ಅವಳು ಅಂದುಕೊಂಡಷ್ಟೇ ಆಗುತ್ತಿತ್ತು. ಆದರೆ ಬಟ್ಟೆ ಕಟ್ಟಿಕೊಂಡು ಹೋದ ದಿನ ಅಲ್ಲಿಯ ಡಾಕ್ಟರು ಪರೀಕ್ಷೆ ಮಾಡಿ, ಎಲ್ಲ ಕಡೆ ಹಬ್ಬಿದೆ, ಇನ್ನು ಕತ್ತರಿಸಿ ಫಲವಿಲ್ಲ ಎಂದು ವಾಪಸ್ ಕಳಿಸಿದರು. ಯುಗಾದಿಗೆ ಮೊದಲೇ ಹೋಗಿಬಿಟ್ಟಳು. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಯಾರ ಹತ್ತಿರ ತೀರಿಸಿಕೊಳ್ಳಲಿ?

ಅವಳು ಹೋದ ಮೇಲೆ ಮಾಡಿದ ಶಿವಗಣಾರಾಧನೆಯ ಅಡುಗೆ ಸಾಮಾನಿಗೆ ಅವಳ ಗಂಡನ ಜೊತೆ ನಾನೂ ಪೇಟೆಗೆ ಹೋಗಿದ್ದೆ. ಅವರು ಮೊದಲು ಸಿಕ್ಕ ಅಂಗಡಿಯಲ್ಲೇ ನಿಂತು ಬೇಳೆ, ಬೆಲ್ಲ, ಅಕ್ಕಿ ಎಲ್ಲ ಕಟ್ಟಲು ಹೇಳಿದರು. ರೇಟು ಕೇಳಲಿಲ್ಲ. ಅಂಗಡಿಯವನಿಗೇ ತಡೆಯಲಾಗಲಿಲ್ಲ. “ರೇಟು ಕೇಳ್ರಿ ಅಣ್ಣಾ,” ಅಂದ. ಅವರು ಚೀಲದ ಬಾಯಿ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟರು.

ಈಗಲೂ ನಾನು ಸಾಮಾನಿಗೆ ನಾಲ್ಕು ಅಂಗಡಿ ತಿರುಗುತ್ತೇನೆ. ಎಷ್ಟು ಉಳಿಯಿತು ಎಂದು ಗೋಡೆಯಾಚೆ ಕೂಗಿ ಹೇಳಲು ಅವಳಿಲ್ಲ. ಅವಳ ಮಗಳು, ತಾಯಿ ಮುಟ್ಟದೆ ಬಿಟ್ಟ ದುಡ್ಡಿನಲ್ಲೇ ಓದಿ ತೆಲಿಗಿ ಕಡೆ ಟೀಚರ್ ಆಗಿದ್ದಾಳೆ. ಹೋದ ವಾರ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಊರವರೆಲ್ಲ ನಿಮ್ಮವ್ವ ಜಾಣೆ ಎಂದು ಹೊಗಳುತ್ತಾರೆ ಎಂದೆ. ಅವಳು ತಟ್ಟೆಯನ್ನು ಆಚೆ ಸರಿಸಿದಳು.

“ನಾ ಓದದಿದ್ರೂ ನಡೀತಿತ್ತು ಚಿಗವ್ವ,” ಎಂದಳು.