ಸಹಸ್ರನಾಮದ ಮೇಲಿನ ಬಟನ್

ಕಾಶಿಯ ಕೇದಾರ ಘಾಟಿನ ಲಾಡ್ಜೊಂದರ ವೆಬ್‌ಪುಟದಲ್ಲಿ ಒಂದು ಬಟನ್ ಎಲ್ಲಿರಬೇಕೆಂಬ ಬಗ್ಗೆ ನನಗೂ ಮಾಲೀಕ ಭಟ್ಟರಿಗೂ ನಡೆದ ಮಾತುಕತೆ ಶಾಂತಿಯುತವಾಗಿ ಮುಕ್ತಾಯವಾಗಿದೆ.

ಆ ಪುಟ ಶಿವಸಹಸ್ರನಾಮದಿಂದ ಶುರುವಾಗುತ್ತದೆ. ಕಣ್ಣಿದ್ದವರು ಬೆರಳಿನಿಂದ ಸರ್ರನೆ ಸರಿಸಿ ಬುಕಿಂಗ್‌ಗೆ ಬರುತ್ತಾರೆ. ಕಣ್ಣು ಕಾಣದ ಧಾರವಾಡದ ಮಾಸ್ತರರಿಗೆ ಮಾತ್ರ ಪುಟವನ್ನು ಮೇಲಿನಿಂದ ಓದಿ ಹೇಳುವ ಅವರ ಫೋನು ಮೊದಲು ಸಾವಿರ ಹೆಸರನ್ನೂ ಓದಿ ಹೇಳುತ್ತಿತ್ತು. ತಾಯಿಯ ಶ್ರಾದ್ಧಕ್ಕೆ ಹೊರಟಿದ್ದ ಅವರು, “ರೂಮರೆ ಯಾರ ಹಂಗಿಲ್ದ ನಾನ ಬುಕ್ ಮಾಡಬೇಕ್ರಿ” ಎಂದಿದ್ದರು. ಪುಟವನ್ನು ಸರಿಪಡಿಸುವ ಕೆಲಸ ನನ್ನದು. ಸಣ್ಣದೊಂದು ಸ್ಕ್ರಿಪ್ಟ್ ಬರೆದು, ಎಲ್ಲಕ್ಕಿಂತ ಮೇಲೆ “ನೇರ ಬುಕಿಂಗ್‌ಗೆ ಹೋಗಿ” ಎಂಬ ಬಟನ್ ಇಟ್ಟೆ.

“ದೇವರನ್ನ ದಾಟಿ ಹೋಗೋಕೆ ಬಟನ್ನಾ?” ಎಂದರು ಭಟ್ಟರು.

“ಕಣ್ಣಿದ್ದವರು ದಿನಾ ದಾಟ್ತಾರಲ್ಲ ಭಟ್ರೇ!”

“ಅದು ಅವರ ಕರ್ಮ. ನಾನೇ ದಾರಿ ಮಾಡಿಕೊಟ್ರೆ ನನ್ನ ಕರ್ಮ.”

“ಹೆಸರು ಮುಗಿಯೋಷ್ಟರಲ್ಲಿ ರೂಮು ಬೇರೆಯವರ ಪಾಲಾಗುತ್ತೆ.”

“ಅರೇ ಭಾಯಿ, ಪುಣ್ಯವೆಲ್ಲ ಮಾಸ್ತರರ ಪಾಲಿಗೇ ಬರುತ್ತಲ್ಲ!”

ವಾದಿಸಿ ವಾದಿಸಿ ನನಗೆ ಗಂಟಲು ಒಣಗಿತು. ಭಟ್ಟರು ಚಹಾ ತರಿಸಿದರು; ರಾಜಿಯ ದಾರಿಯನ್ನೂ ಅವರೇ ಹೇಳಿದರು.

ಬಟನ್ ಈಗ ಪುಟದಲ್ಲಿದೆ, ಸಹಸ್ರನಾಮ ಮುಗಿದ ಮೇಲೆ. ಮಾಸ್ತರರ ರೂಮನ್ನು ಅವರ ಅಳಿಯ ಬುಕ್ ಮಾಡಿದರು.