ಕರೆಂಟ್ ಬಂದಿದೆ

ಅಂಗೈ ಅಗಲದ ಗಾಜಿನ ತುಂಡು. ಅದಕ್ಕೆ ದೀಪದ ಮಸಿ ಹಿಡಿಸಿ ಸೂಜಿಯಿಂದ ಗೀಚಿದ ಅಕ್ಷರ: ‘ಕರೆಂಟ್ ಬಂದಿದೆ’. ದೊಡ್ಡಬಳ್ಳಾಪುರದ ನಮ್ಮ ಹಳೇ ಟಾಕೀಸನ್ನು ಕೆಡವುವ ಮೊದಲು ಒಮ್ಮೆ ನೋಡಿಬರೋಣವೆಂದು ಹೋದ ವಾರ ಹೋದಾಗ, ಅಲ್ಲಿನ ಮುದುಕ ಗೇಟ್‌ಕೀಪರ್ ಅದನ್ನು ನನ್ನ ಕೈಗಿಟ್ಟರು. ಮಸಿ ಬೆರಳಿಗೆ ಅಂಟಿತು. ಅಲ್ಲಿ ಸಿನಿಮಾ ಮೆಷಿನ್ ಓಡಿಸುತ್ತಿದ್ದ ಆಪರೇಟ್ರಣ್ಣ ಕಣ್ಮುಂದೆ ಬಂದುಬಿಟ್ಟರು... ಬೋಳು ತಲೆ, ಎಣ್ಣೆ ಮೆತ್ತಿದ ಖಾಕಿ ಅಂಗಿ, ಯಾರನ್ನು ಕಂಡರೂ ಮೊದಲು ಒಂದು ನಗು.

ಆಗ ನಮ್ಮೂರಿನವರು ಸಿನಿಮಾಕ್ಕೆ ಹೋಗುತ್ತಿದ್ದುದು ಕರೆಂಟ್ ಹೋದಾಗ. ಹೊರಗಿನವರಿಗೆ ತಮಾಷೆ ಅನ್ನಿಸಬಹುದು. ಕರೆಂಟ್ ಹೋದರೆ ಮಗ್ಗಗಳು ನಿಲ್ಲುತ್ತಿದ್ದವು. ಟಾಕೀಸಿನಲ್ಲಿ ಜನರೇಟರ್ ಇತ್ತು. ನೇಯುವವರು, ನೂಲು ಸುತ್ತುವವರು ಎಲ್ಲ ಮ್ಯಾಟಿನಿಗೆ ನುಗ್ಗುತ್ತಿದ್ದೆವು. ಊರಿಗೆ ಕರೆಂಟ್ ಮರಳಿದ ತಕ್ಷಣ ಆಪರೇಟ್ರಣ್ಣ ಈ ಗಾಜನ್ನು ಮೆಷಿನ್ನಿಗಿಟ್ಟು ಪರದೆಗೆ ಬಿಡುತ್ತಿದ್ದರು. ನಾಯಕಿಯ ಕೊರಳಿಗೆ ತಾಳಿ ಬೀಳುತ್ತಿರಲಿ, ಖಳನ ಕೈಯಲ್ಲಿ ಕತ್ತಿಯಿರಲಿ, ಅರ್ಧ ಹಾಲ್ ಎದ್ದು ಮಗ್ಗಕ್ಕೆ ಓಡುತ್ತಿತ್ತು.

ನಾನಾಗ ಹೊಸ ಸೊಸೆ. ನಮ್ಮತ್ತೆಗೆ ಸಿನಿಮಾ ಅಂದರೆ ಪ್ರಾಣ, ಆದರೆ ಒಂದರ ಕೊನೆಯನ್ನೂ ಕಂಡವರಲ್ಲ. ಮನೆಗೆ ಓಡುವ ದಾರಿಯಲ್ಲಿ ಕೊನೆಯನ್ನು ತಾವೇ ಕಟ್ಟಿ ಹೇಳುತ್ತಿದ್ದರು. ಅವರ ಕಥೆಯಲ್ಲಿ ಯಾರೂ ಸಾಯುತ್ತಿರಲಿಲ್ಲ. ಆಮೇಲೆ ಸಕ್ಕರೆ ಕಾಯಿಲೆ ಅವರ ಕಣ್ಣಿಗಿಳಿಯಿತು. ಇರುವಷ್ಟು ದೃಷ್ಟಿಯೂ ಹೆಚ್ಚು ದಿನ ಉಳಿಯದು ಎಂದುಬಿಟ್ಟರು ಡಾಕ್ಟರು.

ಒಂದು ಮಧ್ಯಾಹ್ನ ಪರದೆಯ ಮೇಲೆ ಆ ಅಕ್ಷರ ಮೂಡಲೇ ಇಲ್ಲ. ಅತ್ತೆಯೂ ನಾನೂ ಸಿನಿಮಾ ಪೂರ್ತಿ ಮುಗಿಸಿ ಹೊರಬಂದರೆ ಬೀದಿಯೆಲ್ಲ ಮಗ್ಗದ ಸದ್ದು! ಕರೆಂಟ್ ಬಂದು ಒಂದು ಗಂಟೆಯಾಗಿತ್ತು. ನಮ್ಮ ಮಗ್ಗದಲ್ಲಿ ಮದುವೆಯ ಸೀರೆ ಅರ್ಧಕ್ಕೆ ನಿಂತಿತ್ತು, ಮಾವನಿಗೋ ಮೂಗಿನ ತುದಿಯಲ್ಲೇ ಕೋಪ. ಮೆಟ್ಟಿಲ ಬಳಿ ಜನ ಆಪರೇಟ್ರಣ್ಣನನ್ನು ಸುತ್ತುಗಟ್ಟಿ ಬೈಯುತ್ತಿದ್ದರು. ನಾನೂ ಸೇರಿಕೊಂಡೆ.

“ಏನಣ್ಣಾ, ಮೇಲೆ ಕೂತ್ಕಂಡು ನಿದ್ದೆ ಹೊಡೀತಿದ್ರಾ? ನಿದ್ದೆ ಆಪರೇಟ್ರು!”

ಜನ ಗೊಳ್ಳೆಂದು ನಕ್ಕರು. “ಹೂಂ ಕಣಮ್ಮ, ಕಣ್ಣತ್ಬಿಡ್ತು,” ಎಂದು ಅವರು ತಲೆ ಕೆರೆದುಕೊಂಡರು.

ಸಂಜೆಯೊಳಗೆ ಆ ಹೆಸರು ಊರೆಲ್ಲ ಹರಡಿತು. ನನಗೆ ಒಳಗೊಳಗೇ ಹೆಮ್ಮೆ. ಅತ್ತೆ ಮಾತ್ರ ನಾನು ಹಾಗಂದಾಗಲೆಲ್ಲ ಗದರುತ್ತಿದ್ದರು. ಕಣ್ಣು ಪೂರ್ತಿ ಹೋದ ಮೇಲೂ ಆ ಮಧ್ಯಾಹ್ನದ ಸಿನಿಮಾದ ಕೊನೆಯನ್ನು ಎದುರಿಗಿದ್ದಂತೆ ಹೇಳುತ್ತಿದ್ದರು... ಅದರಲ್ಲಿ ನಾಯಕ ಸಾಯುತ್ತಾನೆ. ಅದನ್ನೂ ಬಿಡದೆ ಹೇಳುತ್ತಿದ್ದರು.

ಗೇಟ್‌ಕೀಪರ್ ನನ್ನನ್ನು ಪರದೆಯ ಹಿಂದಕ್ಕೆ ಕರೆದುಕೊಂಡು ಹೋದರು. ಟಾಕೀಸಾಗುವ ಮುಂಚೆ ಅದು ನಾಟಕದ ಕೊಟ್ಟಿಗೆಯಾಗಿತ್ತಂತೆ. ಬಣ್ಣ ಹಚ್ಚಿಕೊಳ್ಳುತ್ತಿದ್ದ ಕೋಣೆಯಲ್ಲಿ ಕನ್ನಡಿ ತೂಗುಹಾಕುವ ಮೊಳೆಗಳು ಇನ್ನೂ ಇದ್ದವು. ಇಷ್ಟು ವರ್ಷ ಇದರ ಮುಂದೆಯೇ ಕೂತಿದ್ದರೂ ನನಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ಗಾಜನ್ನು ತಿರುಗಿಸುತ್ತಾ, “ಒಂದ್ಸಲ ಇದನ್ನ ಹಾಕೋದೇ ಮರ್ತಿದ್ರಲ್ಲ, ನಿದ್ದೆ ಆಪರೇಟ್ರು,” ಎಂದು ನಕ್ಕೆ.

ಅವರು ನಗಲಿಲ್ಲ.

“ಯಾವ್ ನಿದ್ದೆನಮ್ಮ? ಕರೆಂಟ್ ಬಂತು ಅಂತ ನಾನೇ ಮೇಲಕ್ಕೆ ಓಡೋಗಿ ಹೇಳ್ದೆ. ಗಾಜು ಅವ್ರ ಕೈಯಾಗೇ ಇತ್ತು. ‘ಸುಮ್ಕಿರ್ಲಾ, ಕಣ್ಣು ಹೋಗೋದ್ರೊಳ್ಗೆ ಒಂದಾದ್ರೂ ಕೊನೆಗಂಟ ನೋಡ್ಬೇಕು ಅಂದವ್ರೆ ಆಯಮ್ಮ’ ಅಂದ್ರು. ನಿಮ್ಮತ್ತೇನೇ ಕಣಮ್ಮ. ನಿಮ್ಮ ಮಾವಂಗೆ ತಿಳಿದ್ರೆ ಆಯಮ್ಮಂಗೆ ಬೈಗುಳ, ಯಾರ್ಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕಂಡಿದ್ರು.”

ನಾನು ಅಲ್ಲೇ ಧೂಳಿನ ಮೇಲೆ ಕುಳಿತೆ. ಅತ್ತೆಯೂ ಇಲ್ಲ, ಮಾವನೂ ಇಲ್ಲ. ಆಪರೇಟ್ರಣ್ಣ ತೀರಿಕೊಂಡೇ ಎಷ್ಟೋ ವರ್ಷ. ಬಸ್ ಸ್ಟ್ಯಾಂಡಿನ ಹತ್ತಿರ ಅವರ ಮನೆಯವರು ಕಟ್ಟಿಸಿದ್ದ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಹೆಸರಿನ ಕೆಳಗೆ ‘ನಿದ್ದೆ ಆಪರೇಟರ್’ ಎಂದೇ ಹಾಕಿಸಿದ್ದರು. ಹಾಗೆ ಹಾಕದಿದ್ದರೆ ಹೋದವರು ಯಾರೆಂದು ಊರಿಗೆ ತಿಳಿಯುತ್ತಲೇ ಇರಲಿಲ್ಲ. ಅದನ್ನು ಓದಿ ಅಂದು ನಾನು ನಕ್ಕಿದ್ದೆ ಕೂಡ. ನೆನೆದರೆ ನಾಚಿಕೆಯಾಯಿತು, ಅಳು ಬಂತು.

“ಆ ಹೆಸರಿಟ್ಟಿದ್ದು ನಾನೇ,” ಎಂದೆ.

“ಗೊತ್ತಮ್ಮ. ಅವ್ರಿಗೂ ಗೊತ್ತಿತ್ತು. ‘ಅತ್ತೆ ಸಿನಿಮಾ ನೋಡಿದ್ರು, ಸೊಸೆ ಹೆಸ್ರಿಟ್ಲು’ ಅಂತ ನಗಾಡೋರು.”

ಹೊರಬರುವಾಗ ಆ ಮೆಟ್ಟಿಲ ಬಳಿ ನಿಂತೆ. ತಪ್ಪಾಯ್ತಣ್ಣಾ ಎನ್ನಲು ಅವರಿಲ್ಲ... ಅವರನ್ನು ನಿಲ್ಲಿಸಿ ಬೈದ ಜಾಗ ಮಾತ್ರ ಇದೆ, ಅದೂ ಇನ್ನು ನಾಲ್ಕು ದಿನ.